ಆಯ್ದು ತಿನ್ನುವ ಮಗುವಿಗೆ ಸ್ಕೂಲ್ ಡಬ್ಬಿ: ಬೆಳಿಗ್ಗೆ ಅಲ್ಲ, ಮಧ್ಯಾಹ್ನ ಅದು ಹೇಗಿರುತ್ತೆ ನೋಡಿ

ನನ್ನ ಮಗಳು ಎರಡನೇ ಕ್ಲಾಸು. ಮನೆಯಲ್ಲಿ ಕಾವಲಿಯಿಂದ ತೆಗೆದ ಹಾಗೇ ಕೊಟ್ಟರೆ ಮೂರು ದೋಸೆ ತಿನ್ನುತ್ತಾಳೆ. ಅದೇ ದೋಸೆ ಡಬ್ಬಿಗೆ ಹಾಕಿದರೆ ಸಂಜೆ ಹಾಗೇ ವಾಪಸ್ ಬರುತ್ತಿತ್ತು. ಇದು ಹಟ ಅಂತ ತುಂಬ ದಿನ ಅಂದುಕೊಂಡಿದ್ದೆ, ಬೈದೂ ಇದ್ದೆ. ಒಂದು ದಿನ ಸಮಾಧಾನವಾಗಿ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಅಮ್ಮಾ, ಅದು ಬೆವತಿರತ್ತೆ."

ಮಾರನೇ ಭಾನುವಾರ ನಾನೊಂದು ಕೆಲಸ ಮಾಡಿದೆ. ಬೆಳಿಗ್ಗೆ ಏಳೂವರೆಗೆ ಸ್ಕೂಲಿಗೆ ಕಟ್ಟುವ ಹಾಗೇ ಡಬ್ಬಿ ಕಟ್ಟಿ, ಅವಳ ಬ್ಯಾಗಿನಲ್ಲೇ ಇಟ್ಟು, ಹನ್ನೆರಡೂವರೆಗೆ ತೆಗೆದು ನಾನೇ ತಿಂದೆ. ಮುಚ್ಚಳದ ಒಳಗೆಲ್ಲ ನೀರು. ಮೇಲಿನ ದೋಸೆ ಒದ್ದೆ, ಕೆಳಗಿನದು ಚರ್ಮದ ಹಾಗೆ ಜಗ್ಗುತ್ತಿತ್ತು, ಕಾಯಿ ಚಟ್ನಿ ಆಗಲೇ ಒಂದು ಥರ ವಾಸನೆ. ಅವಳು ದೋಸೆ ಬೇಡ ಅಂದಿರಲಿಲ್ಲ. ಐದು ಗಂಟೆ ಡಬ್ಬಿಯಲ್ಲಿ ಕೂತ ಆ ಪದಾರ್ಥ ಬೇಡ ಅಂದಿದ್ದಳು.

ನಿಮ್ಮ ಮನೆಯಲ್ಲೂ ಆಯ್ದು ತಿನ್ನುವ ಮಗು ಇದ್ದರೆ ದಯವಿಟ್ಟು ಮೊದಲು ಈ ಭಾನುವಾರದ ಪರೀಕ್ಷೆ ಮಾಡಿ. ಹೊಸ ರೆಸಿಪಿ ಹುಡುಕುವ ಮೊದಲೇ ಮಾಡಿ. ಯಾವ ತಿಂಡಿ ಐದು ಗಂಟೆ ಆದಮೇಲೂ ತನ್ನ ಥರವೇ ಇರುತ್ತದೆ, ಯಾವುದು ಬೇರೆಯೇ ಆಗಿಬಿಡುತ್ತದೆ ಅಂತ ನಾಲಿಗೆಗೇ ಗೊತ್ತಾಗುತ್ತದೆ.

ಮೊದಲು ಏನು ಬೇಡ ಅಂತ ಸರಿಯಾಗಿ ತಿಳಿದುಕೊಳ್ಳಿ

"ತರಕಾರಿ ತಿನ್ನಲ್ಲ" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಮಕ್ಕಳು ಬೇಡ ಅನ್ನುವುದು ಎಷ್ಟೋ ಸಲ ಪದಾರ್ಥವನ್ನಲ್ಲ, ಅದು ಬಾಯಲ್ಲಿ ಹೇಗೆ ಸಿಗುತ್ತದೆ ಅನ್ನುವುದನ್ನ. ನನ್ನ ಮಗಳಿಗೆ ಮೆತ್ತಗಿನ ಅನ್ನದ ನಡುವೆ ಸಾಸಿವೆ ಕಟಕ್ ಅಂದರೆ ಆಗುವುದಿಲ್ಲ. ಪಲ್ಯದ ರಸ ಚಪಾತಿಗೆ ತಾಗಿದರೆ ಚಪಾತಿಯನ್ನೂ ಬಿಡುತ್ತಾಳೆ. ಹಸಿ ಕ್ಯಾರೆಟ್ ಕಡಿಯುತ್ತಾಳೆ, ಬೆಂದ ಕ್ಯಾರೆಟ್ ಮುಟ್ಟುವುದಿಲ್ಲ. ಇದನ್ನೆಲ್ಲ ಬರೆದಿಟ್ಟುಕೊಂಡ ಮೇಲೆ ಅವಳಿಗೆ ಬೇಕಿದ್ದು ಒಣಗಿದ್ದು, ಒಂದೇ ಥರ ಇರುವುದು, ಬೇರೆ ಬೇರೆ ಇಟ್ಟಿದ್ದು ಅಂತ ಗೊತ್ತಾಯಿತು. ನಿಮ್ಮ ಮಗುವಿನದು ಇದಕ್ಕೆ ಉಲ್ಟಾ ಇರಬಹುದು, ಕೆಲವು ಮಕ್ಕಳಿಗೆ ಒಣಗಿದ್ದು ಗಂಟಲಲ್ಲಿ ಇಳಿಯುವುದೇ ಇಲ್ಲ, ಅವರಿಗೆ ಮೊಸರನ್ನ, ಬಿಸಿಬೇಳೆಬಾತ್ ಥರದ್ದೇ ಸರಿ.

ಕೇಳುವ ರೀತಿಯೂ ಮುಖ್ಯ. "ಯಾಕೆ ತಿಂದಿಲ್ಲ?" ಅಂದರೆ ಮಗು ಸುಮ್ನೆ ತಲೆ ತಗ್ಗಿಸುತ್ತದೆ. "ಡಬ್ಬಿ ತೆಗೆದಾಗ ಹೇಗಿತ್ತು?" ಅಂತ ಕೇಳಿ ನೋಡಿ. ಮೆಂತ್ಯ ಸೊಪ್ಪಿನ ಚಪಾತಿ ಇದ್ದಕ್ಕಿದ್ದಂತೆ ಯಾಕೆ ನಿಂತಿತು ಅಂತ ನನಗೆ ತಿಳಿದದ್ದು ಹೀಗೆ ಕೇಳಿದಾಗ. ಪಕ್ಕದಲ್ಲಿ ಕೂರುವ ಮಗು "ಛೀ, ವಾಸನೆ" ಅಂದಿತ್ತಂತೆ. ಅದಕ್ಕೆ ನನ್ನ ಅಡುಗೆಯಲ್ಲಿ ಏನು ಬದಲಾಯಿಸಿದರೂ ಪ್ರಯೋಜನ ಇರಲಿಲ್ಲ. ಮೆಂತ್ಯ ಈಗ ರಾತ್ರಿ ಊಟಕ್ಕೆ ಬಂದಿದೆ, ಅಲ್ಲಿ ಖುಷಿಯಾಗಿ ತಿನ್ನುತ್ತಾಳೆ.

ಡಬ್ಬಿಯ ವಿಷಯ

ಒಂದು ವಾರ ಪೂರ್ತಿ ಡಬ್ಬಿ ಮುಟ್ಟದೆ ವಾಪಸ್ ಬಂದಿತ್ತು. ಆಮೇಲೆ ನೋಡಿದರೆ ಅವಳಿಗೆ ಮುಚ್ಚಳವೇ ತೆಗೆಯಲು ಆಗಿರಲಿಲ್ಲ. ಬಿಸಿ ಬಿಸಿ ಹಾಕಿ ಬಿಗಿಯಾಗಿ ಮುಚ್ಚಿದರೆ ಒಳಗಿನ ಗಾಳಿ ತಣಿದು ಕುಗ್ಗಿ ಸ್ಟೀಲ್ ಮುಚ್ಚಳ ಕಚ್ಚಿಕೊಳ್ಳುತ್ತದೆ, ದೊಡ್ಡವರಿಗೇ ಕಷ್ಟ. ಮಿಸ್ ಹತ್ತಿರ ಕೇಳಲು ನಾಚಿಕೆ. ಹಾಗಾಗಿ ಹೊಸ ಡಬ್ಬಿ ತಂದರೆ ಮಗುವಿನ ಕೈಲಿ ಹತ್ತು ಸಲ ತೆಗೆಸಿ ಮುಚ್ಚಿಸಿ.

ಸಾಧಾರಣ ಡಬ್ಬಿಗೆ ಹಾಕುವ ಚಪಾತಿ, ಇಡ್ಲಿ, ಪಡ್ಡು ಪೂರ್ತಿ ಆರಿರಬೇಕು. ತಟ್ಟೆಯ ಮೇಲೆ ಒಂದರ ಮೇಲೊಂದು ಇಡದೆ ಹರಡಿ, ಫ್ಯಾನ್ ಕೆಳಗೆ ಹತ್ತು ನಿಮಿಷ ಸಾಕು. ಡಬ್ಬಿ ತಳಕ್ಕೆ ತೆಳು ಹತ್ತಿ ಬಟ್ಟೆ ಹಾಸಿ ಅದರಲ್ಲೇ ಸುತ್ತಿದರೆ ಉಳಿದ ಹಬೆಯನ್ನ ಬಟ್ಟೆ ಹೀರುತ್ತದೆ, ಚಪಾತಿ ಬೆವರುವುದಿಲ್ಲ. ಬಿಸಿಯಾಗೇ ಇರಬೇಕಾದ ಪದಾರ್ಥಕ್ಕೆ ಬಿಸಿ ಹಿಡಿದಿಡುವ ಡಬ್ಬಿ ಬೇಕು, ಅದಕ್ಕೂ ಮೊದಲು ಕುದಿಯುವ ನೀರು ತುಂಬಿಸಿ ಐದು ಹತ್ತು ನಿಮಿಷ ಇಟ್ಟು, ಚೆಲ್ಲಿ, ಒರೆಸಿ, ಆಮೇಲೆ ಸುಡುಸುಡು ಅನ್ನುವಾಗಲೇ ಪೊಂಗಲ್ಲೋ ಬಾತೋ ತುಂಬಿ. ತಣ್ಣಗಿನ ಡಬ್ಬಿಗೇ ಹಾಕಿದರೆ ಅರ್ಧ ಬಿಸಿ ಅಲ್ಲೇ ಹೋಯಿತು. ಒಂದು ಪದಾರ್ಥ ಇನ್ನೊಂದಕ್ಕೆ ತಾಗಿದರೆ ಆಗದ ಮಕ್ಕಳಿಗೆ ಒಳಗೆ ಇಡುವ ಚಿಕ್ಕ ಚಿಕ್ಕ ಸ್ಟೀಲ್ ಬಟ್ಟಲುಗಳು ತುಂಬ ಉಪಯೋಗ.

ನಮ್ಮ ಮನೆಯಲ್ಲಿ ಖಾಲಿಯಾಗಿ ಬರುವ ಡಬ್ಬಿಗಳು

ಪಡ್ಡು ಮೊದಲನೆಯದು. ಹಿಟ್ಟು ದೋಸೆಯದೇ, ಆದರೆ ಪಡ್ಡು ದಪ್ಪಗಿರುವುದರಿಂದ ಒಳಗೆ ಮೆತ್ತಗೇ ಉಳಿಯುತ್ತದೆ, ದೋಸೆಯ ಹಾಗೆ ಜಗ್ಗುವುದಿಲ್ಲ. ಎರಡು ತುತ್ತಿಗೆ ಒಂದು. ಈರುಳ್ಳಿ, ಮೆಣಸಿನಕಾಯಿ ಏನೂ ಬೇಡ ಅನ್ನುವ ಮಗುವಿಗೆ ಬರೀ ಹಿಟ್ಟಿನದೇ ಮಾಡಿ, ಉದ್ದಿನಬೇಳೆ ಅದರಲ್ಲೇ ಇದೆಯಲ್ಲ. ಹಿಟ್ಟು ಹುಳಿ ಬಂದಿದ್ದರೆ ಮಧ್ಯಾಹ್ನಕ್ಕೆ ಇನ್ನೂ ಹುಳಿ ಅನಿಸುತ್ತದೆ, ಹಾಗಾಗಿ ಡಬ್ಬಿಗೆ ಮೊದಲ ದಿನದ ಹಿಟ್ಟೇ ಸರಿ, ಮೂರನೇ ದಿನದ್ದನ್ನ ನಾವು ದೊಡ್ಡವರು ದೋಸೆ ಮಾಡಿಕೊಂಡು ತಿನ್ನೋಣ.

ಇಡ್ಲಿಯನ್ನ ನಾಲ್ಕು ತುಂಡು ಮಾಡಿ, ಬಿಸಿ ಇರುವಾಗಲೇ ತುಪ್ಪ ಸವರಿ ಆರಿಸಿ. ತುಪ್ಪ ಸವರದಿದ್ದರೆ ಮೇಲ್ಮೈ ಒಣಗುತ್ತದೆ. ಜೊತೆಗೆ ಕಾಯಿ ಚಟ್ನಿ ಬೇಡವೇ ಬೇಡ, ಮಾರ್ಚ್ ಏಪ್ರಿಲ್ ಬಿಸಿಲಿಗಂತೂ ಮಧ್ಯಾಹ್ನದೊಳಗೆ ಕೆಡುತ್ತದೆ. ಶೇಂಗಾ ಚಟ್ನಿಪುಡಿ ಅಥವಾ ಹುರಿಗಡಲೆ ಪುಡಿ ಪುಟ್ಟ ಬಟ್ಟಲಲ್ಲಿ ಇಡಿ. ಖಾರ ತಿನ್ನದ ಮಗುವಿಗೆ ಹುರಿಗಡಲೆ, ಕೊಬ್ಬರಿ, ಚೂರು ಬೆಲ್ಲ, ಉಪ್ಪು ಸೇರಿಸಿ ಪುಡಿ ಮಾಡಿ. ಕೊಬ್ಬರಿಯೇ ಆಗಬೇಕು, ಹಸಿ ಕಾಯಿ ಅಲ್ಲ. ಕೆಲವು ಸ್ಕೂಲುಗಳಲ್ಲಿ ಬೇರೆ ಮಕ್ಕಳ ಅಲರ್ಜಿಗಾಗಿ ಶೇಂಗಾ ತರಬೇಡಿ ಅಂತ ಹೇಳಿರುತ್ತಾರೆ, ಅದನ್ನ ಖಂಡಿತ ಪಾಲಿಸಿ.

ಮೊಸರನ್ನ ಹುಳಿಯಾಗುತ್ತೆ ಅಂತ ಬಿಟ್ಟವರು ಇದನ್ನ ಮಾಡಿ ನೋಡಿ. ಅನ್ನಕ್ಕೆ ನೀರು ಜಾಸ್ತಿ ಇಟ್ಟು ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಸೌಟಿನಿಂದ ಮಸೆದು, ಒಂದು ಬಟ್ಟಲು ಅನ್ನಕ್ಕೆ ಸುಮಾರು ಒಂದು ಬಟ್ಟಲು ಕಾಯಿಸಿದ ಹಾಲು ಹಾಕಿ ಕಲಸಿ. ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಸಿಹಿ ಮೊಸರು, ಉಪ್ಪು. ಬೆಳಿಗ್ಗೆ ನೋಡಿದರೆ ಹಾಲನ್ನದ ಹಾಗೆ ತೆಳ್ಳಗಿರುತ್ತದೆ, ಹೆದರಬೇಡಿ. ಡಬ್ಬಿಯಲ್ಲೇ ಹೆಪ್ಪಾಗುತ್ತಾ ಹೋಗಿ ಊಟದ ಹೊತ್ತಿಗೆ ಗಟ್ಟಿಯಾಗಿ, ಹುಳಿಯಿಲ್ಲದೆ ಇರುತ್ತದೆ. ಬರೀ ಮೊಸರಲ್ಲಿ ಕಲಸಿದ್ದು ಅಷ್ಟು ಹೊತ್ತಿಗೆ ಗಟ್ಟಿ ಮುದ್ದೆಯಾಗಿ ಹುಳಿ ಬಂದಿರುತ್ತದೆ.

ಚಿತ್ರಾನ್ನಕ್ಕೆ ನಾನು ಒಗ್ಗರಣೆಯ ಘಮವನ್ನ ಎಣ್ಣೆಯಲ್ಲೇ ಬಿಟ್ಟು ಉಳಿದದ್ದನ್ನ ತೆಗೆದುಬಿಡುತ್ತೇನೆ. ಅಂದರೆ ಸಾಸಿವೆ, ಕರಿಬೇವು, ಇಂಗು ಎಲ್ಲ ಹಾಕಿ ಸಿಡಿಸಿ, ಎಣ್ಣೆಗೆ ಘಮ ಬಂದ ಮೇಲೆ ಚಹಾ ಸೋಸುವ ಸ್ಟೀಲ್ ಜಾಲರಿಯಲ್ಲಿ ಸೋಸಿ, ಆ ಎಣ್ಣೆಗೆ ಅರಿಶಿನ ಹಾಕಿ ಅನ್ನ ಕಲಸುವುದು. ಒಲೆ ಆರಿಸಿದ ಮೇಲೆ ನಿಂಬೆರಸ, ಇಲ್ಲದಿದ್ದರೆ ಕಹಿ. ರುಚಿ ಪೂರ್ತಿ ಇರುತ್ತದೆ, ಬಾಯಿಗೆ ಏನೂ ಅಡ್ಡ ಬರುವುದಿಲ್ಲ. ಅನ್ನ ಬೆಳಿಗ್ಗೆಯೇ ಮಾಡಿದ್ದಾಗಿರಲಿ. ರಾತ್ರಿ ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ತರಿಸುತ್ತದೆ. ನಾವು ಮನೆಯಲ್ಲಿ ಹಾಗೆ ತಿಂದು ಬೆಳೆದಿದ್ದೇವೆ ನಿಜ, ಆದರೆ ಅದು ಮತ್ತೆ ಐದು ಗಂಟೆ ಬೆಚ್ಚಗಿನ ಡಬ್ಬಿಯಲ್ಲಿ ಕೂರುತ್ತದೆ, ಅಲ್ವಾ.

ಚಪಾತಿ ಹಿಟ್ಟನ್ನ ನೀರಿನ ಬದಲು ಬೆಂದ ತೊಗರಿಬೇಳೆಯ ಗಟ್ಟಿಯಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು ಲಟ್ಟಿಸಿ. ಬಣ್ಣ ಹೆಚ್ಚು ಬದಲಾಗುವುದಿಲ್ಲ, ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ, ಬೇಳೆಯೂ ಹೊಟ್ಟೆಗೆ ಹೋಯಿತು. ಪಲ್ಯ ಬೇಡ ಅನ್ನುವವರಿಗೆ ತುಪ್ಪ ಸವರಿ ಪುಡಿ ಬೆಲ್ಲ ಉದುರಿಸಿ ಸುರುಳಿ ಸುತ್ತಿ. ಮಂಗಳೂರು ಬನ್ಸ್ ಕೂಡ ಡಬ್ಬಿಗೆ ಹೇಳಿ ಮಾಡಿಸಿದ ಹಾಗಿದೆ: ಚೆನ್ನಾಗಿ ಕಳಿತ ಬಾಳೆಹಣ್ಣು, ಸ್ವಲ್ಪ ಸಕ್ಕರೆ, ಮೊಸರು, ಚಿಟಿಕೆ ಸೋಡಾ, ಜೀರಿಗೆ, ಹಿಟ್ಟು, ರಾತ್ರಿಯೇ ಕಲಸಿಟ್ಟು ಬೆಳಿಗ್ಗೆ ಕರಿಯುವುದು. ಕರಿದಿದ್ದು ಅನ್ನುವ ಕಾರಣಕ್ಕೆ ನಾನು ವಾರಕ್ಕೊಮ್ಮೆ ಮಾತ್ರ. ಜೀರಿಗೆ ಬಾಯಿಗೆ ಸಿಗುವುದು ಬೇಡ ಅಂದರೆ ಪುಡಿ ಮಾಡಿ ಹಾಕಿ.

ಉಪ್ಪಿಟ್ಟು ಆರಿದರೆ ಗಟ್ಟಿ ಆಗುತ್ತದೆ, ಒಂದು ಲೋಟ ರವೆಗೆ ಮೂರು ಲೋಟ ನೀರು ಇಟ್ಟರೆ ಪರವಾಗಿಲ್ಲ. ಕೈಯಲ್ಲಿ ತಟ್ಟಿದ ಅಕ್ಕಿ ರೊಟ್ಟಿ ನನ್ನ ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಮಲೆನಾಡಿನ ಕಡೆ ಮಾಡುವ ಉಕ್ಕರಿಸಿದ, ಅಂದರೆ ಕುದಿಯುವ ನೀರಿಗೆ ಹಾಕಿ ಬೇಯಿಸಿದ ಹಿಟ್ಟಿನ ರೊಟ್ಟಿ ಪಾಸಾಯಿತು. ಅವಲಕ್ಕಿ, ಶಾವಿಗೆ ಎರಡನ್ನೂ ಡಬ್ಬಿಗೆ ಹಾಕುವುದು ಬಿಟ್ಟಿದ್ದೇನೆ.

ಶಾರ್ಟ್ ಬ್ರೇಕಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಿಪ್ಪೆ ಸಮೇತ ಒಂದು ಏಲಕ್ಕಿ ಬಾಳೆಹಣ್ಣು, ಇಲ್ಲವೇ ಹುರಿಗಡಲೆ ಬೆಲ್ಲ, ದಾಳಿಂಬೆ, ರಾಗಿ ಹುರಿಹಿಟ್ಟಿನ ಒಂದು ಉಂಡೆ. ಹೆಚ್ಚಿದ ಸೇಬು ಕಂದು ಬಣ್ಣಕ್ಕೆ ತಿರುಗಿದೆ ಅಂತ ಬಿಡುವ ಮಕ್ಕಳಿದ್ದಾರೆ. ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಹೋಳುಗಳನ್ನ ಐದು ನಿಮಿಷ ನೆನೆಸಿ ತೊಳೆದು ಒರೆಸಿದರೆ ಬೆಳ್ಳಗೇ ಇರುತ್ತದೆ. ಸೌತೆಕಾಯಿಗೆ ಉಪ್ಪು ಹಚ್ಚಬೇಡಿ, ನೀರು ಬಿಡುತ್ತದೆ. ಚಿಕ್ಕ ಮಕ್ಕಳಿಗೆ ದ್ರಾಕ್ಷಿಯನ್ನ ಉದ್ದಕ್ಕೆ ಸೀಳಿಯೇ ಕೊಡಿ, ಇಡೀ ಹಣ್ಣು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಹೊಸದನ್ನ ಯಾವಾಗ ಕೊಡುವುದು

ಡಬ್ಬಿಯಲ್ಲಿ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಇಪ್ಪತ್ತು ನಿಮಿಷದ ಊಟ, ಗಲಾಟೆ, ಪಕ್ಕದವರ ಮಾತು, ಅಮ್ಮ ಹತ್ತಿರ ಇಲ್ಲ, ಅಲ್ಲಿ ಪರಿಚಯ ಇಲ್ಲದ ಪದಾರ್ಥ ಬಾಯಿಗಿಡುವ ಧೈರ್ಯ ಯಾವ ಮಗುವಿಗೂ ಸುಲಭ ಅಲ್ಲ, ತಿನ್ನದಿದ್ದರೆ ಸಂಜೆವರೆಗೂ ಹಸಿವು. ಹೊಸದನ್ನ ಸಂಜೆ ಮನೆಯಲ್ಲಿ, ನಮ್ಮ ತಟ್ಟೆಯಿಂದ, ಬೆರಳ ತುದಿಯಷ್ಟು ಕೊಡಿ. ಮೂಸಿ ನೋಡಿ ಇಟ್ಟರೂ ಸಾಕು. ಒಂದು ರುಚಿ ಒಗ್ಗಲು ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗುತ್ತದೆ, ನಾವು ಮೂರನೇ ಸಲಕ್ಕೇ ಸೋತುಬಿಡುತ್ತೇವೆ.

ಡಬ್ಬಿಯಲ್ಲಿ ಏನಾದರೂ ಬದಲಾಯಿಸಲೇಬೇಕಾದರೆ ಒಂದು ಸಲಕ್ಕೆ ಒಂದೇ. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಕುಡಿಯದ ಮಗುವಿಗೆ ಅದು ದೊಡ್ಡ ಆಸರೆ. ಆದರೆ ಬಿಳಿ ಪಡ್ಡು ತಿನ್ನುವ ಮಗುವಿಗೆ ನಾಳೆಯೇ ಕಪ್ಪು ಪಡ್ಡು ಕೊಟ್ಟರೆ ಪಡ್ಡನ್ನೇ ಬಿಡುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಒಂದು ಚಮಚ ರಾಗಿಹಿಟ್ಟಿನಿಂದ ಶುರು ಮಾಡಿ, ವಾರಕ್ಕೊಂದು ಚಮಚ ಏರಿಸಿ. ಮಗು "ಇದರಲ್ಲಿ ಏನು ಹಾಕಿದ್ದೀಯಾ?" ಅಂತ ಕೇಳಿದರೆ ನಿಜ ಹೇಳಿ. ನಾನೊಮ್ಮೆ "ಏನೂ ಇಲ್ಲ" ಅಂದು ಸಿಕ್ಕಿಬಿದ್ದೆ, ಆಮೇಲೆ ಒಂದು ತಿಂಗಳು ಪ್ರತಿಯೊಂದು ಚಪಾತಿಯನ್ನೂ ಬೆಳಕಿಗೆ ಹಿಡಿದು ನೋಡಿ ತಿಂದಳು. ನನಗೆ ತುಂಬ ನೋವಾಯಿತು.

ಭಾನುವಾರ ರಾತ್ರಿ ಇಬ್ಬರೂ ಕೂತು ಐದು ದಿನದ್ದು ಬರೆಯುತ್ತೇವೆ. "ಏನು ಬೇಕು?" ಅಂತ ಕೇಳುವುದಿಲ್ಲ, "ಮಂಗಳವಾರ ಪಡ್ಡೋ ಇಡ್ಲಿಯೋ?" ಅಂತ ಕೇಳುತ್ತೇನೆ. ಅವಳೇ ಬರೆದ ಚೀಟಿ ಫ್ರಿಜ್ ಮೇಲೆ ಇರುತ್ತದೆ. ಏಳು ಪದಾರ್ಥ ತಿನ್ನುವ ಮಗುವಿಗೆ ಅವೇ ಏಳು ತಿರುಗಿ ತಿರುಗಿ ಬಂದರೂ ಬೇಜಾರಿಲ್ಲ, ಬೇಜಾರು ನಮಗೇ. ಆದರೆ ಒಂದೇ ತಿಂಡಿಯನ್ನ ದಿನಾ ಕೊಡಬೇಡಿ, ಕೆಲವು ಮಕ್ಕಳು ಒಂದು ದಿನ ಅದನ್ನೂ ನಿಲ್ಲಿಸಿಬಿಡುತ್ತಾರೆ, ಆಗ ಕೈಯಲ್ಲಿದ್ದದ್ದೂ ಹೋಗುತ್ತದೆ.

ಪ್ರಮಾಣ ಕಡಿಮೆ ಇರಲಿ. ಎರಡು ಚಪಾತಿ ಹಾಕಿ ಒಂದು ವಾಪಸ್ ಬರುವುದಕ್ಕಿಂತ ಒಂದೂವರೆ ಹಾಕಿ ಖಾಲಿ ಬರುವುದು ಮಗುವಿಗೂ ಖುಷಿ. ಕ್ಲಾಸ್ ಟೀಚರಿಗೆ ಡೈರಿಯಲ್ಲಿ ಎರಡು ಸಾಲು ಬರೆದುಬಿಡಿ, ಪೂರ್ತಿ ತಿನ್ನು ಅಂತ ಒತ್ತಾಯ ಮಾಡುವುದು ಬೇಡ, ಮುಚ್ಚಳ ತೆಗೆಯಲು ಮಾತ್ರ ಸಹಾಯ ಮಾಡಿ ಅಂತ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರಿಗೂ ಹೇಳಬೇಕಾಗುತ್ತದೆ. ನಮ್ಮ ಅತ್ತೆಗೆ ಮೊದಲು ಇದು ಮುದ್ದು ಮಾಡಿ ಕೆಡಿಸುವುದು ಅನಿಸಿತ್ತು. ಭಾನುವಾರದ ಡಬ್ಬಿಯಿಂದ ಒಂದು ತುತ್ತು ಅವರಿಗೂ ಕೊಟ್ಟೆ. ಸೋಮವಾರದಿಂದ ಇಡ್ಲಿಗೆ ತುಪ್ಪ ಸವರುವುದು ಅವರೇ.

ಒಂದು ಮಾತು ಮಾತ್ರ ಗಂಭೀರವಾಗಿ. ತಿನ್ನುವ ಪದಾರ್ಥಗಳ ಪಟ್ಟಿ ಕಡಿಮೆ ಆಗುತ್ತಲೇ ಹೋದರೆ, ತೂಕ ಏರದಿದ್ದರೆ, ತಿನ್ನುವಾಗ ಮತ್ತೆ ಮತ್ತೆ ಓಕರಿಕೆ ಬಂದರೆ, ಅಗಿಯಲು ನುಂಗಲು ಕಷ್ಟಪಡುತ್ತಿದ್ದರೆ ಡಬ್ಬಿ ಬದಲಾಯಿಸಿ ಕಾಯಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ. ಬೇಕಾದರೆ ಅವರೇ ಸ್ಪೀಚ್ ಥೆರಪಿಸ್ಟ್ (ಮಾತಿನ ಜೊತೆಗೆ ಅಗಿಯುವ ನುಂಗುವ ತೊಂದರೆಯನ್ನೂ ನೋಡುವವರು) ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ (ಊಟದಂಥ ದಿನನಿತ್ಯದ ಕೆಲಸಗಳಿಗೆ ಮಗುವನ್ನ ಒಗ್ಗಿಸುವವರು) ಹತ್ತಿರ ಕಳಿಸುತ್ತಾರೆ. ಹೋಗುವಾಗ ಒಂದು ವಾರ ಮಗು ಏನು ತಿಂದಿತು, ಏನು ಬಿಟ್ಟಿತು, ಡಬ್ಬಿಯಲ್ಲಿ ಎಷ್ಟು ಉಳಿದಿತ್ತು ಅಂತ ಬರೆದುಕೊಂಡು ಹೋಗಿ, ಅಲ್ಲಿ ಕೂತಾಗ ನೆನಪಿಗೆ ಬರುವುದಿಲ್ಲ.