ಸಿಸ್ಟರ್ ಎಲ್ಲಿ ನಿಲ್ಲಬೇಕು?

ನಾನು ಸ್ತ್ರೀರೋಗ ವೈದ್ಯ. ಗಂಡಸು. ಒಳಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬ ಸಿಸ್ಟರ್ ಇರಲೇಬೇಕು ಅಂತ ಓದುವ ಕಾಲದಲ್ಲೇ ತಲೆಗೆ ತುಂಬಿದ್ದರು. ಹಾಗಾಗಿ ಕೆಲಸಕ್ಕೆ ಸೇರಿದ ಮೊದಲ ಏಳೆಂಟು ವರ್ಷ ನಾನು ಯಾರನ್ನೂ ಏನೂ ಕೇಳಿದ್ದೇ ಇಲ್ಲ. ಬೆಲ್ ಒತ್ತುತ್ತಿದ್ದೆ, ಸಿಸ್ಟರ್ ಬಂದು ಪರದೆ ಎಳೆಯುತ್ತಿದ್ದರು. ಅಷ್ಟೇ.

ಒಂದು ದಿನ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಬೆಡ್ ಮೇಲೆ ಮಲಗಿದ್ದರು. ನಾನು ಗ್ಲೌಸ್ ಹಾಕಿಕೊಂಡು ಒಳಗೆ ಹೋದೆ. ಅವರು ಹೊದಿಕೆಯ ಅಂಚನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಕಾಲ್ಬೆರಳು ಒಳಕ್ಕೆ ಮಡಚಿಕೊಂಡಿದ್ದವು. "ಸಡಿಲ ಬಿಡಿ ಅಮ್ಮಾ" ಅಂದೆ. ಆಗಲಿಲ್ಲ. ಒಳಗೆ ನೋಡಲು ಬಳಸುವ ಸ್ಪೆಕ್ಯುಲಮ್ ಎಂಬ ಉಪಕರಣ ಹಾಕಲು ಎರಡು ಸಲ ನೋಡಿ ಕೈಬಿಟ್ಟೆ. ಸಿಸ್ಟರ್ ಟ್ರೇ ತೆಗೆದುಕೊಂಡು ಹೊರಗೆ ಹೋದ ಮೇಲೆ ಅವರು ಮೆಲ್ಲಗೆ ಹೇಳಿದರು: "ಡಾಕ್ಟ್ರೇ, ನಿಮ್ಮ ಮುಂದೆ ನನಗೇನೂ ಸಂಕೋಚ ಇಲ್ಲ. ಆ ಸಿಸ್ಟರ್ ನಮ್ಮ ಪಕ್ಕದ ಮನೆಯವರು."

ಸಿಸ್ಟರ್ ಇರುವುದು ಅವರ ಧೈರ್ಯಕ್ಕೆ ಅಂತ ನಾನು ನಂಬಿದ್ದೆ. ನಿಜ ಹೇಳಬೇಕೆಂದರೆ ಸಿಸ್ಟರ್ ಇದ್ದದ್ದು ನನ್ನ ಧೈರ್ಯಕ್ಕೆ. ನಾಳೆ ಯಾರಾದರೂ ದೂರು ಕೊಟ್ಟರೆ ನನಗೊಂದು ಸಾಕ್ಷಿ ಬೇಕಲ್ವಾ? ಹಾಗೆ ಬಯಸುವುದು ತಪ್ಪೇನಲ್ಲ. ಅದನ್ನು "ನಿಮ್ಮ ಅನುಕೂಲಕ್ಕೆ" ಅಂತ ಹೇಳಿ ದಾಟಿಸಿದ್ದು ತಪ್ಪು.

ಅವತ್ತಿನಿಂದ ಕೇಳಲು ಶುರು ಮಾಡಿದೆ. ಕೇಳಿದ್ದೂ ಅಡ್ಡಾದಿಡ್ಡಿಯಾಗಿಯೇ. ಅವರು ಬಟ್ಟೆ ಬದಲಿಸಿ ಮಲಗಿದ ಮೇಲೆ, ಸಿಸ್ಟರ್ ಅಲ್ಲೇ ನಿಂತಿರುವಾಗ, "ಇವರು ಇರಬಹುದಾ?" ಅನ್ನುತ್ತಿದ್ದೆ. ಯಾರು ತಾನೇ ಬೇಡ ಅಂತಾರೆ? ಎಲ್ಲರೂ ಹೂಂ ಅಂದರು. ಎಲ್ಲರಿಗೂ ಒಪ್ಪಿಗೆ ಇದೆ ಅಂತ ನಾನು ಸುಮ್ನೆ ಖುಷಿಪಟ್ಟೆ.

ಈಗ ಕೇಳುವುದು ಅವರು ಕುರ್ಚಿಯಲ್ಲಿ ಕೂತಿರುವಾಗ, ಕೋಣೆಯಲ್ಲಿ ನಾವಿಬ್ಬರೇ ಇರುವಾಗ. ಏನು ಪರೀಕ್ಷೆ, ಯಾಕೆ, ಎಷ್ಟು ಹೊತ್ತು ಅಂತ ಮೊದಲು ಹೇಳುತ್ತೇನೆ. ಆಮೇಲೆ, "ಸಾಮಾನ್ಯವಾಗಿ ಒಬ್ಬರು ಸಿಸ್ಟರ್ ಜೊತೆಗಿರ್ತಾರೆ. ಅದು ನಿಮಗೂ ಒಳ್ಳೆಯದು, ನನಗೂ ಒಳ್ಳೆಯದು. ಯಾರಿದ್ದರೆ ನಿಮಗೆ ಸರಿ? ಯಾರಾದರೂ ಬೇಡವಾ?" 'ಇರಬಹುದಾ' ಅಂದರೆ ಬರುವುದು ಬರೀ ಹೂಂ. 'ಯಾರು' ಅಂದರೆ ಮಾತು ಹೊರಡುತ್ತದೆ.

ಹೊರಟ ಮಾತುಗಳು ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದವು. ಹದಿಹರೆಯದ ಹುಡುಗಿಯರಲ್ಲಿ ಕೆಲವರಿಗೆ ಅಮ್ಮ ಬೇಕೇ ಬೇಕು. ಇನ್ನು ಕೆಲವರಿಗೆ ಅಮ್ಮ ಒಬ್ಬರು ಬಿಟ್ಟು ಯಾರಾದರೂ ಸರಿ. ಹತ್ತು ವರ್ಷದಿಂದ ನನ್ನ ಹತ್ತಿರವೇ ಬರುವವರು "ಇನ್ನೊಂದು ಜೊತೆ ಕಣ್ಣು ಯಾಕೆ ಡಾಕ್ಟ್ರೇ" ಅಂತಾರೆ. ಹಿಂದೆ ಎಲ್ಲೋ ಕೆಟ್ಟ ಅನುಭವ ಆದವರು ಸಿಸ್ಟರ್‌ನ್ನು ಬಾಗಿಲವರೆಗೂ ಹೋಗಲು ಬಿಡುವುದಿಲ್ಲ. ಮಹಿಳಾ ಡಾಕ್ಟರೇ ಬೇಕು ಅನ್ನುವವರನ್ನು ಸಹೋದ್ಯೋಗಿಯ ಹತ್ತಿರ ಕಳಿಸುತ್ತೇನೆ. ಪಕ್ಕದಲ್ಲಿ ಸಿಸ್ಟರ್ ಇದ್ದಮಾತ್ರಕ್ಕೆ ನಾನು ಹೆಂಗಸಾಗುವುದಿಲ್ಲ ನೋಡಿ. ಆ ಸಹೋದ್ಯೋಗಿ ಮೊದಲೆಲ್ಲ "ನಾನೂ ಹೆಂಗಸೇ ಅಲ್ವಾ, ನನಗ್ಯಾಕೆ ಸಿಸ್ಟರ್?" ಅನ್ನುತ್ತಿದ್ದರು. ಒಬ್ಬ ಹುಡುಗಿ ತಾನೇ ಕೇಳಿಕೊಂಡ ಮೇಲೆ ಬದಲಾದರು. ಬ್ರಿಟನ್ನಿನಲ್ಲಿ ವೈದ್ಯರನ್ನು ನಿಯಂತ್ರಿಸುವ ಜನರಲ್ ಮೆಡಿಕಲ್ ಕೌನ್ಸಿಲ್ 2013ರ ಮಾರ್ಗಸೂಚಿಯಲ್ಲೇ, ವೈದ್ಯರು ಹೆಣ್ಣಾಗಲಿ ಗಂಡಾಗಲಿ, ಜೊತೆಗೆ ಒಬ್ಬರು ಬೇಕಾ ಅಂತ ಕೇಳಬೇಕು ಅಂದಿತ್ತು. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2020ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕೇಳುವುದಲ್ಲ, ಇರುವುದೇ ರೂಢಿಯಾಗಲಿ, ಬೇಡ ಅನ್ನುವವರು ಬೇಡ ಅನ್ನಲಿ. ನನಗೆ ಎರಡನೆಯದು ಅರ್ಧ ಒಪ್ಪಿಗೆ. ಮಲಗಿದ ಮೇಲೆ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನೋಡಿದ್ದೇನಲ್ಲ.

ಮನೆಯವರ ವಿಷಯದಲ್ಲೂ ಎಡವಿದ್ದೇನೆ. ಸಿಸ್ಟರ್ ಸಿಗದ ಒಂದು ದಿನ ಗಂಡನನ್ನೇ ನಿಲ್ಲಿಸಿಕೊಂಡು ಪರೀಕ್ಷೆ ಮುಗಿಸಿದೆ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಿದ್ದು ಆತ. ಆಕೆ ವಾರ ಬಿಟ್ಟು ಒಬ್ಬಳೇ ಬಂದು ಬೇರೆಯದೇ ಕಥೆ ಹೇಳಿದಳು. ಬ್ರಿಟನ್ನಿನಲ್ಲಿ ರೋಗಿಗಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಕ್ಲಿಫರ್ಡ್ ಏಲಿಂಗ್ ಎಂಬ ವೈದ್ಯನ ಪ್ರಕರಣದ ವಿಚಾರಣಾ ವರದಿ 2004ರಲ್ಲಿ ಬಂತು. ಈ ಕೆಲಸವನ್ನು ನೆಂಟರ ಮೇಲೆ ಹೊರಿಸಬೇಡಿ, ತರಬೇತಾದವರನ್ನು ಇಡಿ ಅಂತ ಅದರಲ್ಲಿದೆ. ಈಗ ಮನೆಯವರು ಇರಬೇಕು ಅಂದರೆ ಇರಲಿ, ಆದರೆ ಸಿಸ್ಟರ್ ಬದಲಿಗೆ ಅಲ್ಲ. ಮುಗಿದ ಮೇಲೆ ಐದು ನಿಮಿಷ ಯಾರೂ ಇಲ್ಲದೆ ಮಾತಾಡುತ್ತೇನೆ. ಆಗ ಸಿಸ್ಟರ್ ಕೂಡ ಹೊರಗೆ.

ಇನ್ನು ಎಲ್ಲಿ ನಿಲ್ಲುವುದು? ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಹೆಚ್ಚಿನವರು ಸಿಸ್ಟರ್ ತಲೆಯ ಹತ್ತಿರ ಇರಲಿ, ಕೈ ಹಿಡಿದಿರಲಿ, ಆ ಕಡೆ ನೋಡದಿರಲಿ ಅಂತಾರೆ. ಆದರೆ ವೈದ್ಯ ಏನು ಮಾಡುತ್ತಿದ್ದಾನೆ ಅಂತ ಕಾಣದಿದ್ದರೆ ಅವರು ಇದ್ದೂ ಏನು ಬಂತು? ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ಗೆ ಚಿಕಿತ್ಸೆಯ ನೆಪದಲ್ಲಿ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಕ್ಕೆ 2018ರಲ್ಲಿ ಶಿಕ್ಷೆಯಾಯಿತು. ಎಷ್ಟೋ ಸಲ ಹುಡುಗಿಯರ ತಾಯ್ತಂದೆ ಅದೇ ಕೋಣೆಯಲ್ಲಿ ಕೂತಿದ್ದರು. ಅವರಿಗೆ ಕಾಣದಂತೆ ತನ್ನ ಮೈಯನ್ನೇ ಅಡ್ಡ ಮಾಡಿಕೊಂಡಿದ್ದ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಹಿರಿಯ ಸಿಸ್ಟರ್ ಒಂದು ದಾರಿ ಹುಡುಕಿದರು. ಅವರು ಭುಜದ ಪಕ್ಕ ನಿಲ್ಲುತ್ತಾರೆ, ಮುಖ ನನ್ನ ಕಡೆಗೆ. ಹೊದಿಕೆಯನ್ನು ಮಂಡಿಗಳ ಮೇಲೆ ಹಾಸಿ ನಡುವೆ ತುಸು ತಗ್ಗಿಸುತ್ತಾರೆ. ಅವರಿಗೆ ನನ್ನ ಮೊಣಕೈ, ಮುಂಗೈ, ಮುಖ ಕಾಣುತ್ತದೆ. ಮಲಗಿದವರ ಮೈ ಕಾಣುವುದಿಲ್ಲ. ಇನ್ನೊಂದು ಕಣ್ಣು ಅವರ ಮುಖದ ಮೇಲೆ. ಹುಬ್ಬು ಗಂಟಿಕ್ಕಿದರೆ ಸಾಕು, "ಸರ್, ಒಂದ್ನಿಮಿಷ" ಅಂತಾರೆ. ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಇದನ್ನು ರೂಢಿ ಮಾಡಿಕೊಳ್ಳಲು ನನಗೇ ಕಷ್ಟ ಆಯಿತು, ಕೈ ಕೆಳಗಿನವರು ನಿಲ್ಲಿಸಿ ಅಂದರೆ ಸಿಟ್ಟು ಬರುತ್ತಿತ್ತು.

ಯಾರೂ ಬೇಡ ಅಂತಲೇ ಅಂದರೆ? ಪರಿಚಯದವರಾದರೆ ಒಪ್ಪುತ್ತೇನೆ, ಕೇಳಿದ್ದನ್ನೂ ಬೇಡ ಅಂದಿದ್ದನ್ನೂ ಕೇಸ್ ಶೀಟಿನಲ್ಲಿ ಬರೆಯುತ್ತೇನೆ. ಇದ್ದರೆ ಇದ್ದವರ ಹೆಸರು. ನನಗೇ ಧೈರ್ಯ ಸಾಲದಿದ್ದರೆ ಹಾಗಂತಲೇ ಹೇಳುತ್ತೇನೆ. ತುರ್ತು ಇಲ್ಲದಿದ್ದರೆ ಬೇರೆ ದಿನ, ಬೇರೆ ವೈದ್ಯರು.

ಆ ಪಕ್ಕದ ಮನೆಯ ಸಿಸ್ಟರ್‌ಗೆ ನಾನು ಕಾರಣ ಹೇಳಲಿಲ್ಲ. ಆ ಹೆಂಗಸು ಬರುವ ದಿನ ಅವರಿಗೆ ವಾರ್ಡಿನಲ್ಲಿ ಏನಾದರೊಂದು ಕೆಲಸ ಹಚ್ಚುತ್ತೇನೆ.