ಫೋಟೊ ಕಾಳುಕಾಳಾಗಿ ಬರ್ತಿದೆಯಾ? ರಿಪೇರಿಗೆ ಕೊಡುವ ಮೊದಲು ಇಷ್ಟು ನೋಡಿ

ಜೇಬಿನಲ್ಲಿ ಹಿಡಿಯುವ ಪುಟಾಣಿ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಕಾಲ ಬಂದಿದೆ. ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದ ಕ್ಯಾಮೆರಾವನ್ನು ಕಾಲೇಜು ಹುಡುಗ ಹುಡುಗಿಯರು ಹುಡುಕಿ ತೆಗೆದು, ಚಾರ್ಜ್ ಮಾಡಿ ಟ್ರಿಪ್ಪಿಗೆ ಒಯ್ಯುತ್ತಿದ್ದಾರೆ. ಹಗಲಿನ ಫೋಟೊಗಳೇನೋ ಚೆಂದ. ಸಂಜೆಯಾದರೆ ರಗಳೆ ಶುರು. ಮುಖದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಳು, ಕಪ್ಪು ಕೂದಲಿನಲ್ಲಿ ನೇರಳೆ, ಹಸಿರು ಚುಕ್ಕಿ. ‘ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್) ಹೋಗಿದೆ’ ಎಂದು ಯಾರೋ ಒಬ್ಬರು ತೀರ್ಪು ಕೊಟ್ಟೇ ಬಿಡುತ್ತಾರೆ. ಹೆಚ್ಚಿನ ಸಲ ಏನೂ ಹೋಗಿರುವುದಿಲ್ಲ. ಬೆಳಕು ಸಾಲದೆ ಕಾಳು ಬಂದಿರುತ್ತದೆ, ಅಷ್ಟೇ. ಹಾಗಾಗಿ ಸರ್ವಿಸ್ ಸೆಂಟರ್ ಕಡೆ ಹೊರಡುವ ಮೊದಲು ಮನೆಯಲ್ಲೇ ಒಂದಷ್ಟು ನೋಡಿ.

ಯಾಕೆ ಹೀಗಾಗುತ್ತದೆ?

ಸಾಮಾನ್ಯ ಕಾಂಪ್ಯಾಕ್ಟ್ ಕ್ಯಾಮೆರಾದ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಮದುವೆ ಫೋಟೊಗ್ರಾಫರುಗಳ ಕೈಯಲ್ಲಿ ಕಾಣುವ ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಮೂವತ್ತು ಪಟ್ಟು. ನಮ್ಮ ಚಿಕ್ಕ ಸೆನ್ಸರಿನ ಮೇಲೆ 2 ಕೋಟಿ ಪಿಕ್ಸೆಲ್ ತುರುಕಿದ್ದಾರೆ ಎಂದರೆ ಒಂದೊಂದರ ಪಾಲಿಗೆ ಎಷ್ಟು ಬೆಳಕು ಸಿಕ್ಕೀತು?

ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ, ಅದೂ ಒಂದೇ ಲೆಕ್ಕದಲ್ಲಿ ಬರುವುದಿಲ್ಲ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಬಿದ್ದರೆ ಏರುಪೇರು 100ರ ಆಸುಪಾಸು, ಅಂದರೆ ನೂರಕ್ಕೆ ಒಂದು ಪಾಲು. ಕಣ್ಣಿಗೆ ಕಾಣುವುದೇ ಇಲ್ಲ. ಬರೀ 100 ಫೋಟಾನ್ ಬಿದ್ದರೆ ಏರುಪೇರು 10, ಅಂದರೆ ನೂರಕ್ಕೆ ಹತ್ತು. ಪಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಒಂದು ಜಾಸ್ತಿ ಬೆಳ್ಳಗೆ, ಇನ್ನೊಂದು ಕಪ್ಪಗೆ. ನಾವು ನೋಡುವ ಕಾಳು ಇದೇ. ಫೋಟೊಗ್ರಾಫರುಗಳು ಇದನ್ನು ನಾಯ್ಸ್ ಎನ್ನುತ್ತಾರೆ. ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಎಂದು ಕ್ಯಾಮೆರಾಗೆ ಹೇಳುವ ಸೆಟ್ಟಿಂಗ್ ಐಎಸ್‌ಒ. ಅದನ್ನು ಏರಿಸಿದರೆ ಬೆಳಕು ಹೆಚ್ಚುವುದಿಲ್ಲ. ಸಿಕ್ಕಿದ ಚೂರುಪಾರು ಬೆಳಕನ್ನು ಕ್ಯಾಮೆರಾ ದೊಡ್ಡದು ಮಾಡಿ ತೋರಿಸುತ್ತದೆ. ಅದರ ಜೊತೆಗೆ ಏರುಪೇರೂ ದೊಡ್ಡದಾಗುತ್ತದೆ.

ಮೊದಲು ರೋಗ ಯಾವುದು ನೋಡಿ

ಫೋಟೊವನ್ನು ಕಂಪ್ಯೂಟರಿಗೆ ಹಾಕಿ 100 ಪರ್ಸೆಂಟ್‌ಗೆ ಹಿಗ್ಗಿಸಿ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ನಂಬಬೇಡಿ. ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಎಲ್ಲ ಕಡೆ, ಅದರಲ್ಲೂ ನೆರಳಿನ ಜಾಗದಲ್ಲಿ ಸಣ್ಣ ಕಾಳು ಮತ್ತು ಬಣ್ಣದ ಕಲೆ ಇದ್ದರೆ ಅದು ಬೆಳಕಿನ ಕೊರತೆ. ಗೆರೆಗಳ ಅಂಚಿನಲ್ಲಿ ಪುಟ್ಟ ಪುಟ್ಟ ಚೌಕಗಳು ಕಂಡರೆ ಅದು ಜೆಪೆಗ್ (ಕ್ಯಾಮೆರಾ ಫೋಟೊ ಉಳಿಸುವ ಮಾಮೂಲಿ ಫೈಲ್ ಬಗೆ) ಒತ್ತಿ ಕುಗ್ಗಿಸಿದ ಗುರುತು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ ತುಂಡುಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ, ಅದಕ್ಕೇ ಚೌಕ. ಇದಕ್ಕೆ ಮದ್ದು ಸುಲಭ. ಮೆನುವಿನಲ್ಲಿ ಅಳತೆಯನ್ನು ‘ಲಾರ್ಜ್’, ಗುಣಮಟ್ಟವನ್ನು ‘ಫೈನ್’ ಮಾಡಿ. ಹಿಂದೊಮ್ಮೆ ಮೆಮೊರಿ ಕಾರ್ಡ್ ತುಂಬಿದಾಗ ಮನೆಯಲ್ಲಿ ಯಾರೋ 640×480ಕ್ಕೆ ಇಳಿಸಿ ಹಾಗೇ ಬಿಟ್ಟಿರುತ್ತಾರೆ, ಇದು ತುಂಬಾ ಮಾಮೂಲು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿ ನೋಡಿಯೂ ಕ್ಯಾಮೆರಾವನ್ನು ಬೈಯಬೇಡಿ. ಅದು ಮತ್ತೊಮ್ಮೆ ಕುಗ್ಗಿದ ಫೋಟೊ.

ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಅದೇ ಕೆಂಪೋ ಬಿಳಿಯೋ ಚುಕ್ಕಿ ಇದ್ದರೆ ಅದು ಹಾಟ್ ಪಿಕ್ಸೆಲ್. ಅದರ ವಿಷಯ ಕೊನೆಗೆ ಹೇಳುತ್ತೇನೆ. ಕಾಳೇ ಇಲ್ಲದೆ ಇಡೀ ಚಿತ್ರ ಹೊಗೆ ಕವಿದಂತಿದ್ದರೆ ಲೆನ್ಸ್ ನೋಡಿ. ಬೆರಳಿನ ಜಿಡ್ಡಾದರೆ ಮೆತ್ತನೆ ಬಟ್ಟೆಯಲ್ಲಿ ಹೋಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಕ್ಯಾಮೆರಾದ ಲೆನ್ಸ್ ಒಳಗೆ ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಸ್ಟು. ಅದು ಒರೆಸಿದರೆ ಹೋಗುವುದಲ್ಲ. ಮುಂದಿನ ಸಲಕ್ಕೆ ಗಾಳಿಯಾಡದ ಡಬ್ಬಿ, ಜೊತೆಗೊಂದಿಷ್ಟು ಸಿಲಿಕಾ ಜೆಲ್ ಪೊಟ್ಟಣ.

ಆಮೇಲೆ ಐಎಸ್‌ಒ ಓದಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ ಡೀಟೇಲ್ಸ್ ತೆರೆಯಿರಿ. ಐಎಸ್‌ಒ, ಶಟರ್ ವೇಗ (ಬೆಳಕಿಗೆ ಬಾಗಿಲು ಎಷ್ಟು ಹೊತ್ತು ತೆರೆದಿತ್ತು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ದೊಡ್ಡದಿತ್ತು) ಎಲ್ಲ ಅಲ್ಲೇ ಇರುತ್ತವೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಫೋಟೊ ನೋಡುತ್ತಾ ‘ಡಿಸ್ಪ್’ ಬಟನ್ ಒತ್ತಿದರೂ ಕಾಣುತ್ತದೆ.

ಚಿಕ್ಕ ಸೆನ್ಸರಿಗೆ ನನ್ನ ಲೆಕ್ಕ ಹೀಗೆ. 200ರವರೆಗೆ ಚಿಂತೆ ಬೇಡ. 400 ನಡೆಯುತ್ತದೆ. 800ಕ್ಕೆ ಕೂದಲಿನ ಎಳೆ, ಸೀರೆಯ ನೇಯ್ಗೆ ಕರಗಲು ಶುರು. 1600ರಿಂದ ಮೇಲೆ ಫೋಟೊವನ್ನು ಚಿಕ್ಕದಾಗಿ ನೋಡಬೇಕು, ಅಷ್ಟೇ. ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರಿನ ಕ್ಯಾಮೆರಾ ಆದರೆ ಇನ್ನೊಂದು ಮೆಟ್ಟಿಲು ಕೆಳಗೆ ಇಟ್ಟುಕೊಳ್ಳಿ.

ಐಎಸ್‌ಒ 100 ಇದ್ದೂ ಕಾಳು ಬಂದಿದೆಯಾ? ಹಾಗಾದರೆ ಎರಡು ಅನುಮಾನ. ಒಂದು, ಫೋಟೊ ಕಪ್ಪಗೆ ಬಂದಿತ್ತು, ಆಮೇಲೆ ಎಡಿಟ್ ಮಾಡಿ ಬೆಳಗಿಸಿದ್ದೀರಿ. ಎರಡು, ಕ್ಯಾಮೆರಾವೇ ಬೆಳಗಿಸಿದೆ. ಕ್ಯಾನನ್‌ನ ಐ-ಕಾಂಟ್ರಾಸ್ಟ್, ನಿಕಾನ್‌ನ ಆಕ್ಟಿವ್ ಡಿ-ಲೈಟಿಂಗ್, ಸೋನಿಯ ಡಿಆರ್‌ಒ ಮಾಡುವುದು ಇದನ್ನೇ. ನೆರಳನ್ನು ಎತ್ತಿ ತೋರಿಸುತ್ತವೆ. ನೆರಳಿನಲ್ಲಿ ಅಡಗಿದ್ದ ಕಾಳೂ ಎದ್ದು ಬರುತ್ತದೆ. ಬಿಸಿಲಿನಲ್ಲಿ ಒಳ್ಳೆಯ ಸೌಲಭ್ಯ, ಸಂಜೆ ಆಫ್ ಮಾಡಿಟ್ಟರೆ ವಾಸಿ.

ಆಟೊ ಬಿಟ್ಟು ಹೊರಬನ್ನಿ

ಹಸಿರು ಕ್ಯಾಮೆರಾ ಚಿತ್ರವೋ ‘ಆಟೊ’ ಎಂಬ ಬರಹವೋ ಇರುವ ಮೋಡ್‌ನಲ್ಲಿ ಎಷ್ಟೋ ಕ್ಯಾಮೆರಾಗಳು ಐಎಸ್‌ಒ ಮುಟ್ಟಲು ಬಿಡುವುದೇ ಇಲ್ಲ. ಮೋಡ್ ಅನ್ನು ‘ಪಿ’ಗೆ, ಅಂದರೆ ಪ್ರೋಗ್ರಾಮ್‌ಗೆ ಬದಲಿಸಿ. ಆಗ ಮೆನುವಿನಲ್ಲಿ ಐಎಸ್‌ಒ ಕಾಣಿಸಿಕೊಳ್ಳುತ್ತದೆ. ಅಲುಗದ ವಸ್ತುವಿಗೆ 100, ಮನೆಯೊಳಗೆ ಜನರಿದ್ದರೆ 400. ಕೆಲವು ಮಾಡೆಲ್‌ಗಳಲ್ಲಿ ಆಟೊ ಐಎಸ್‌ಒಗೆ ಮಿತಿ ಹಾಕಬಹುದು. ನಿಮ್ಮದರಲ್ಲಿ ಇದ್ದರೆ 400 ಅಥವಾ 800ಕ್ಕೆ ಬೇಲಿ ಹಾಕಿ ಮರೆತುಬಿಡಿ.

ಐಎಸ್‌ಒ ಇಳಿಸಿದರೆ ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಕೈ ನಡುಗಿದರೆ ಫೋಟೊ ಅಲುಗುತ್ತದೆ. ಹಾಗಾದರೆ ಬೆಳಕನ್ನು ಇನ್ನೆಲ್ಲಿಂದ ತರುವುದು? ಉತ್ತರ ಜೂಮ್ ಗುಂಡಿಯಲ್ಲಿದೆ.

ಜೂಮ್ ಬಿಡಿ, ಎರಡು ಹೆಜ್ಜೆ ನಡೆಯಿರಿ

ಮಗುವಿನ ಹುಟ್ಟುಹಬ್ಬದ ಫೋಟೊ ಎಂದುಕೊಳ್ಳಿ. ಹಾಲ್‌ನಲ್ಲಿ ಒಂದೇ ಟ್ಯೂಬ್‌ಲೈಟ್. ನೀವು ಸೋಫಾದಲ್ಲಿ ಕುಳಿತೇ ಕೇಕ್ ಕಡೆಗೆ ಜೂಮ್ ಮಾಡಿದಿರಿ. ಡೀಟೇಲ್ಸ್ ತೆರೆದರೆ ಐಎಸ್‌ಒ 1600, ಶಟರ್ 1/30 ಸೆಕೆಂಡ್, ಅಪರ್ಚರ್ ಎಫ್ 5.9. ಈಗ ಲೆನ್ಸಿನ ಸುತ್ತ ಬರೆದಿರುವುದನ್ನು ಓದಿ. 3.2-5.9 ಎಂಬಂಥ ಎರಡು ಸಂಖ್ಯೆ ಇರುತ್ತದೆ. ಮೊದಲನೆಯದು ಜೂಮ್ ಮಾಡದಿದ್ದಾಗಿನ ಅಪರ್ಚರ್, ಎರಡನೆಯದು ಪೂರ್ತಿ ಜೂಮ್ ಮಾಡಿದಾಗಿನದು. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. 5.9ನ್ನು 3.2ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸುಮಾರು 3.4 ಬರುತ್ತದೆ. ಅಂದರೆ ಎದ್ದು ಹೋಗಿ, ಜೂಮ್ ಪೂರ್ತಿ ಹಿಂದಕ್ಕೆ ತಂದು, ಕೇಕಿನ ಹತ್ತಿರ ನಿಂತು ತೆಗೆದರೆ ಬೆಳಕು ಮೂರೂವರೆ ಪಟ್ಟು. ಐಎಸ್‌ಒ 1600 ಬೇಕಿದ್ದ ಕಡೆ 500 ಸಾಕು. ಕಾಸಿಲ್ಲ, ಖರ್ಚಿಲ್ಲ.

ಇನ್ನೂ ಒಂದು ಕೆಲಸ ಉಂಟು. ಕೇಕ್ ಇಟ್ಟ ಟೇಬಲ್ಲನ್ನು ಟ್ಯೂಬ್‌ಲೈಟಿನ ಕೆಳಗೆ ಎಳೆಯಿರಿ. ಪಕ್ಕದ ಕೋಣೆಯ ದೀಪ ಹಾಕಿ ಬಾಗಿಲು ತೆಗೆದಿಡಿ. ಮೇಣದಬತ್ತಿ ಚೆಂದ ಕಾಣಲಿ ಎಂದು ದೀಪವನ್ನೆಲ್ಲ ಆರಿಸುವ ಚಾಳಿ ಇದೆಯಲ್ಲ, ಅದು ಈ ಕ್ಯಾಮೆರಾಗಳಿಗೆ ಆಗಿಬರುವುದಿಲ್ಲ.

ಡಿಜಿಟಲ್ ಜೂಮ್ ಇದ್ದರೆ ಮೆನುವಿನಲ್ಲಿ ಹುಡುಕಿ ಇವತ್ತೇ ಆಫ್ ಮಾಡಿ. ಅದು ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುತ್ತದೆ, ಕಾಳನ್ನೂ ಸೇರಿಸಿ. ಕತ್ತರಿಸುವ ಕೆಲಸ ಆಮೇಲೆ ಕಂಪ್ಯೂಟರಿನಲ್ಲಿ ನಾವೇ ಮಾಡಿಕೊಳ್ಳಬಹುದಲ್ವಾ?

ಅಲುಗದ ವಸ್ತುವಾದರೆ ಅರ್ಧ ಗೆದ್ದಂತೆ

ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನೇ ತೆಗೆದುಕೊಳ್ಳಿ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದದ್ದು. ತೆರೆದಿದ್ದ ನವರಂಗಕ್ಕೆ ಆಮೇಲೆ ಜಾಲಂಧ್ರಗಳನ್ನು, ಅಂದರೆ ತೂತುಗಳಿರುವ ಕಲ್ಲಿನ ಪರದೆಗಳನ್ನು ಕೂರಿಸಿದ್ದರಿಂದ ಒಳಗೆ ಹಗಲಲ್ಲೂ ಮಬ್ಬುಗತ್ತಲೆ. ಕೈಯಲ್ಲಿ ಹಿಡಿದು ಭುವನೇಶ್ವರಿಯ (ನಡುವಿನ ಕೆತ್ತನೆಯ ಛಾವಣಿ) ಫೋಟೊ ತೆಗೆದರೆ ಕೆತ್ತನೆಗಿಂತ ಕಾಳೇ ಜಾಸ್ತಿ. ಟ್ರೈಪಾಡ್ ಬಳಸಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ದಾರಿ ಇದೆ. ಎಲ್ಲಿ ಫೋಟೊ ತೆಗೆಯಬಹುದು ಎಂದು ಮೊದಲು ಕೇಳಿಕೊಳ್ಳಿ. ಜನ ಸರಿದ ಮೇಲೆ ನಿಮ್ಮ ಬ್ಯಾಗನ್ನು ನೆಲದ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾವನ್ನು ಲೆನ್ಸ್ ಮೇಲ್ಮುಖವಾಗಿ ಇರುವಂತೆ ಮಲಗಿಸಿ. ಐಎಸ್‌ಒ 100, ಫ್ಲ್ಯಾಶ್ ಆಫ್, ಟೈಮರ್ 10 ಸೆಕೆಂಡ್. ಗುಂಡಿ ಒತ್ತಿ ನೀವು ಪಕ್ಕಕ್ಕೆ ಸರಿಯಿರಿ, ಇಲ್ಲದಿದ್ದರೆ ಛಾವಣಿಯ ಬದಲು ನಿಮ್ಮ ಗಲ್ಲ ಬರುತ್ತದೆ. ಶಟರ್ ಒಂದು ಸೆಕೆಂಡ್ ತೆರೆದಿದ್ದರೂ ಕಲ್ಲು ಅಲುಗುವುದಿಲ್ಲ, ಕ್ಯಾಮೆರಾವೂ ಅಲುಗುವುದಿಲ್ಲ. ಹೂವಿನ ಎಸಳಿನಂಥ ಪದರಗಳೆಲ್ಲ ನಿಚ್ಚಳ. ದಸರೆಯ ಹೊತ್ತಿನ ಮೈಸೂರು ಅರಮನೆಗೂ ಇದೇ ಉಪಾಯ, ಕಾಂಪೌಂಡ್ ಗೋಡೆಯೋ ಬೆಂಚೋ ಸಿಕ್ಕರೆ ಸಾಕು.

ಹೀಗೆ ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ತೆಗೆದಮೇಲೆ ಕೆಲವು ಕ್ಯಾಮೆರಾಗಳು ಅಷ್ಟೇ ಹೊತ್ತು ‘ಬ್ಯುಸಿ’ ಎಂದು ತೋರಿಸುತ್ತಾ ಕೂರುತ್ತವೆ. ಕೆಟ್ಟಿತೆಂದು ಬ್ಯಾಟರಿ ಕೀಳಬೇಡಿ. ಶಟರ್ ಮುಚ್ಚಿಕೊಂಡು ಇನ್ನೊಂದು ಕಪ್ಪು ಫೋಟೊ ತೆಗೆದು, ಅದರಲ್ಲಿ ಕಂಡ ಚುಕ್ಕಿಗಳನ್ನು ಮೊದಲ ಫೋಟೊದಿಂದ ಕಳೆಯುತ್ತಿರುತ್ತವೆ.

ಕೈಯಲ್ಲೇ ಹಿಡಿಯಬೇಕಾದರೆ ‘ಹ್ಯಾಂಡ್‌ಹೆಲ್ಡ್ ಟ್ವೈಲೈಟ್’ ಅಥವಾ ಆ ಥರದ ರಾತ್ರಿ ಮೋಡ್ ಇದೆಯಾ ನೋಡಿ. ಒಂದರ ಹಿಂದೊಂದು ಕೆಲವು ಫೋಟೊ ಹೊಡೆದು ಒಟ್ಟುಗೂಡಿಸುತ್ತದೆ. ನಾಲ್ಕು ಫೋಟೊ ಸೇರಿದರೆ ಕಾಳು ಅರ್ಧಕ್ಕಿಳಿಯುತ್ತದೆ. ಓಡಾಡುವ ಮಕ್ಕಳಿಗೆ ಮಾತ್ರ ಆಗದು.

ಆಟ ನೋಡಲು ಹೋದಾಗ

ಯಕ್ಷಗಾನದ ರಂಗಸ್ಥಳದಲ್ಲಿ ದೀಪ ಚೆನ್ನಾಗಿಯೇ ಇರುತ್ತದೆ. ಆದರೂ ಫೋಟೊ ಹಾಳು. ಯಾಕೆಂದರೆ ಸುತ್ತಲಿನ ಕತ್ತಲು ನೋಡಿ ಕ್ಯಾಮೆರಾ ಗಾಬರಿಬಿದ್ದು ಐಎಸ್‌ಒ ಏರಿಸುತ್ತದೆ. ವೇಷದ ಮುಖ ಬರೀ ಬಿಳಿ, ಹಿಂದಿನ ಕತ್ತಲಲ್ಲಿ ಕಾಳು ತುಂಬಿ ಬೂದು ಬಣ್ಣ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ +/- ಗುರುತಿನ ಗುಂಡಿ ಒತ್ತಿ -1ಕ್ಕೆ ಇಳಿಸಿ. ಕತ್ತಲು ಕತ್ತಲಾಗೇ ಇರಲಿ. ಐಎಸ್‌ಒ ಇಳಿಯುತ್ತದೆ, ಕಿರೀಟದ ಬಣ್ಣ ಬರುತ್ತದೆ, ಕಾಳು ಕಪ್ಪಿನಲ್ಲಿ ಅಡಗುತ್ತದೆ. ಫ್ಲ್ಯಾಶ್ ಹಾಕಿದರೆ ಮುಂದಿನ ಸಾಲಿನವರ ತಲೆ ಬೆಳಗುತ್ತದೆ, ಅಷ್ಟೇ. ಈ ಪುಟ್ಟ ಫ್ಲ್ಯಾಶಿನ ಬೆಳಕು ಮೂರು ನಾಲ್ಕು ಮೀಟರ್ ಮುಟ್ಟಿದರೆ ಹೆಚ್ಚು. ಹತ್ತಿರದ ಮುಖಕ್ಕೆ ಫ್ಲ್ಯಾಶ್ ಕೆಟ್ಟದ್ದೇನಲ್ಲ. ಕಾಳು ಕಡಿಮೆ ಮಾಡಲು ಅದಕ್ಕಿಂತ ಸುಲಭದ ದಾರಿಯೂ ಇಲ್ಲ.

ಬಿಳಿ ಗೋಡೆ, ಕಿಟಕಿ ಬೆನ್ನಿಗಿದ್ದರೆ ಇದರ ತಿರುಗುಮುರುಗು. ಮುಖ ಕಪ್ಪಗಾಗುತ್ತದೆ. ಅಲ್ಲಿ +1 ಮಾಡಿ ತೆಗೆಯಿರಿ. ಆಮೇಲೆ ಎಡಿಟ್‌ನಲ್ಲಿ ಎತ್ತಿದರೆ ಕಾಳು ಖಾತ್ರಿ.

ತೆಗೆದಾಗಿದೆ, ಈಗೇನು?

ಡಾರ್ಕ್‌ಟೇಬಲ್, ರಾ-ಥೆರಪಿ ಎಂಬ ಉಚಿತ ಸಾಫ್ಟ್‌ವೇರ್‌ಗಳಲ್ಲಿ ನಾಯ್ಸ್ ಕಡಿಮೆ ಮಾಡುವ ಸೌಲಭ್ಯ ಇದೆ, ಜೆಪೆಗ್‌ಗೂ ನಡೆಯುತ್ತದೆ. ಬಣ್ಣದ ಕಲೆ ತೆಗೆಯುವುದನ್ನು ಧಾರಾಳವಾಗಿ ಏರಿಸಿ. ಬಣ್ಣ ತುಸು ಕಲಸಿಹೋದರೆ ನಮ್ಮ ಕಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. ಕಪ್ಪು ಬಿಳುಪಿನ ಕಾಳು ತೆಗೆಯುವುದನ್ನು ಮಾತ್ರ ಚೂರೇ ಚೂರು. ಜಾಸ್ತಿ ಎಳೆದರೆ ಅಜ್ಜಿಯ ಮುಖದ ಸುಕ್ಕೆಲ್ಲ ಹೋಗಿ ಪ್ಲಾಸ್ಟಿಕ್ ಗೊಂಬೆ ಆಗುತ್ತಾರೆ. ನನ್ನನ್ನು ಕೇಳಿದರೆ ಆ ನುಣುಪಿಗಿಂತ ಕಾಳೇ ಮೇಲು. ಕಲೆ ವಿಪರೀತ ಇದ್ದರೆ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ, ಬಣ್ಣದ ತಕರಾರೇ ಮುಗಿಯುತ್ತದೆ.

ಪ್ರಿಂಟ್ ಹಾಕಿಸಿಯೂ ನೋಡಿ. 4×6 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, 1800×1200 ಪಿಕ್ಸೆಲ್ ಸಾಕು. ಎಂದರೆ ಸುಮಾರು 22 ಲಕ್ಷ. ನಿಮ್ಮ ಫೋಟೊದಲ್ಲಿರುವುದು 2 ಕೋಟಿ. ಒಂಬತ್ತು ಪಿಕ್ಸೆಲ್ ಸೇರಿ ಒಂದಾಗುವಾಗ ಕಾಳು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ ಬೇಜಾರಾದ ಎಷ್ಟೋ ಫೋಟೊ ಆಲ್ಬಮ್ಮಿನಲ್ಲಿ ಸೊಗಸಾಗಿರುತ್ತವೆ.

ನಿಜವಾಗಲೂ ಕೆಟ್ಟಿದೆಯಾ?

ಈ ಪರೀಕ್ಷೆ ಮಾಡಿ. ಐಎಸ್‌ಒ 100, ಫ್ಲ್ಯಾಶ್ ಆಫ್. ಲೆನ್ಸನ್ನು ಬೆಳಕು ತೂರದಂತೆ ಕಪ್ಪು ಬಟ್ಟೆಯಿಂದ ಮುಚ್ಚಿ ಒಂದು ಫೋಟೊ ತೆಗೆಯಿರಿ. ಹಿಗ್ಗಿಸಿ ನೋಡಿದರೆ ಅಪ್ಪಟ ಕಪ್ಪು ಇರಬೇಕು. ಅಲ್ಲೊಂದು ಇಲ್ಲೊಂದು ಚುಕ್ಕಿ ಇದ್ದರೆ ಅದು ಹಾಟ್ ಪಿಕ್ಸೆಲ್, ಹಳೆಯ ಕ್ಯಾಮೆರಾದಲ್ಲಿ ಮಾಮೂಲು. ಬಿಸಿಯಾದಷ್ಟೂ ಇವು ಜಾಸ್ತಿ. ಬಿಸಿಲಲ್ಲಿ ನಿಂತ ಕಾರಿನಲ್ಲಿಟ್ಟಿದ್ದರೆ, ತುಂಬಾ ಹೊತ್ತು ವಿಡಿಯೊ ಮಾಡಿದ್ದರೆ ತಣ್ಣಗಾಗಲು ಬಿಟ್ಟು ಮತ್ತೆ ನೋಡಿ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ‘ಪಿಕ್ಸೆಲ್ ಮ್ಯಾಪಿಂಗ್’ ಇರುತ್ತದೆ, ಅದನ್ನು ಓಡಿಸಿದರೆ ಆ ಚುಕ್ಕಿಗಳನ್ನು ಗುರುತಿಟ್ಟುಕೊಂಡು ಮುಚ್ಚುತ್ತದೆ. ಕಪ್ಪಿನ ಬದಲು ನೇರಳೆ ಪಟ್ಟಿ, ಅಡ್ಡಗೆರೆ ಬಂದರೆ ಮಾತ್ರ ಅದು ಸೆನ್ಸರಿನ ತೊಂದರೆ. ಆಗ ರಿಪೇರಿಯ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮೀರಬಹುದು, ಮೊದಲೇ ಕೇಳಿಕೊಳ್ಳಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರೂ ಅಂಗಡಿಯಲ್ಲೇ ಈ ಕಪ್ಪು ಫೋಟೊ ತೆಗೆದು ನೋಡಲಿ. ಜೊತೆಗೆ ಮೊಬೈಲ್ ಟಾರ್ಚನ್ನು ಓರೆಯಾಗಿ ಲೆನ್ಸಿಗೆ ಹಿಡಿದು ಬೂಸ್ಟು ಇದೆಯಾ ನೋಡಿ, ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ, ಅಂಗಡಿಯ ಮೂಲೆಯಲ್ಲಿ ಬೆಳಕು ಕಡಿಮೆ ಇರುವ ಕಡೆ ಐಎಸ್‌ಒ 400ರಲ್ಲಿ ಒಂದೆರಡು ಫೋಟೊ ಹೊಡೆಯಿರಿ. ದುಡ್ಡು ಕೊಡುವುದು ಅವನ್ನು ಮನೆಯ ಕಂಪ್ಯೂಟರಿನಲ್ಲಿ ನೋಡಿದ ಮೇಲೆ.