ದನಿ ಒಡೆದ ಹುಡುಗರನ್ನು ಉಳಿಸಿಕೊಂಡ ಬಗೆ: ನನ್ನ ಅನುಭವ

ಮಂಗಳೂರಿನ ಚರ್ಚಿನಲ್ಲಿ ಕಾಲಿನಿಂದ ಒತ್ತುವ ಹಾರ್ಮೋನಿಯಂ ನುಡಿಸುತ್ತ ಬೆಳೆದ ನಾನು ಜರ್ಮನಿಯ ಸ್ಯಾಕ್ಸನಿಯ ಸಣ್ಣ ಊರೊಂದಕ್ಕೆ ಆರ್ಗನ್ ವಾದಕನಾಗಿ ಬಂದಾಗ, ಅಲ್ಲಿನ ಬಾಲಕರ ಗಾಯನವೃಂದದಲ್ಲಿ ಉಳಿದಿದ್ದವರು 9 ಅಥವಾ 10 ಮಂದಿ. 18ನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್ ಕಾಲದಲ್ಲಿ 16 ವರ್ಷ ತುಂಬಿದವರೂ ಸೊಪ್ರಾನೊ, ಎಂದರೆ ಅತಿ ಎತ್ತರದ ದನಿಯ ಭಾಗ, ಹಾಡುತ್ತಿದ್ದರಂತೆ. ಈಗ 12-13ಕ್ಕೇ ದನಿ ಒಡೆಯುತ್ತದೆ, ಒಡೆದವನು ಫುಟ್‌ಬಾಲ್ ಮೈದಾನಕ್ಕೆ ಹೋದರೆ ಟೆನರ್ (ಗಂಡಸರ ಎತ್ತರದ ದನಿ) ಆಗಿ ಮರಳುವುದಿಲ್ಲ. 1212ರಿಂದ ನಡೆದುಬಂದ ಲೈಪ್‌ಜಿಗ್‌ನ ಥಾಮಸ್ ಚರ್ಚಿನ ವೃಂದಕ್ಕೆ ವಸತಿಶಾಲೆಯ ಆಸರೆಯಿದೆ. ನಮಗಿದ್ದದ್ದು ವಾರಕ್ಕೆ 2 ಗಂಟೆ. ಆ ವೃಂದವನ್ನು ನಡೆಸುತ್ತಿದ್ದ ಬಾಖನೇ 1730ರಲ್ಲಿ ನಗರಸಭೆಗೆ ಬರೆದು, ತನ್ನ ಹುಡುಗರಲ್ಲಿ 17 ಮಂದಿ ಕೆಲಸಕ್ಕೆ ಬರುವವರು, 20 ಮಂದಿ ಇನ್ನೂ ಪಳಗಬೇಕಾದವರು, 17 ಮಂದಿ ನಿರುಪಯುಕ್ತರು ಎಂದು ಲೆಕ್ಕ ಒಪ್ಪಿಸಿದ್ದನೆಂಬುದು ನನಗಿದ್ದ ಸಮಾಧಾನ.

ದನಿ ಒಡೆದವರನ್ನು ಬಿಟ್ಟುಕೊಡದೆ ಆರ್ಗನ್ ಪಕ್ಕ ಕೂರಿಸಿಕೊಂಡೆ. ಹಾಡದವನಿಗೆ ವೃಂದದಲ್ಲೇನು ಕೆಲಸವೆಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು, ಮೊದಲ ವರ್ಷ ಅವರ ಮಾತೇ ನಿಜವಾಯಿತು: ಬರೀ ಪುಟ ತಿರುವಿ ಬೇಸತ್ತು ನಾಲ್ವರಲ್ಲಿ ಮೂವರು ಹೊರಟುಹೋದರು. ಉಳಿದವನು ಜನವರಿಯ ಒಂದು ಭಾನುವಾರ, ಪ್ರಭುಭೋಜನದ ಮೆಲುಗೀತೆಯ ನಡುವೆ, ಕೊಳಲಿನ ದನಿಯ ಸ್ಟಾಪ್ (ಕೊಳವೆಗಳ ಒಂದು ಸಾಲನ್ನು ನುಡಿಸಲು ಎಳೆಯುವ ಗುಬ್ಬಿ) ಬದಲು ಟ್ರಂಪೆಟ್ ಸ್ಟಾಪ್ ಎಳೆದುಬಿಟ್ಟ. ಚಳಿಗೆ ಉಳಿದ ಕೊಳವೆಗಳ ಶ್ರುತಿ ಇಳಿದಿತ್ತು, ಕಂಪಿಸುವ ಲೋಹದ ನಾಲಗೆಯಿಂದ ನುಡಿಯುವ ಟ್ರಂಪೆಟ್ ಕೊಳವೆಗಳದ್ದು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ಅಪಸ್ವರ ಈಗಲೂ ಕಿವಿಯಲ್ಲಿದೆ. ಬೈಯುವ ಬದಲು ಅವನ ಕೈಗೆ ಥರ್ಮಾಮೀಟರ್ ಕೊಟ್ಟೆ. ಚಳಿಗಾಲವಿಡೀ ಅಳೆದು, 10 ಡಿಗ್ರಿ ಇಳಿದರೆ ಶ್ರುತಿ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಕುಸಿಯುತ್ತದೆಂದು ಅವನೇ ಕಂಡುಕೊಂಡ. ಬೆಚ್ಚಗಿನ ಕೋಣೆಯಲ್ಲಿ ಪಿಯಾನೊ ಶ್ರುತಿಗೆ ಹಾಡಿಸಿ, ಶ್ರುತಿ ಇಳಿದ ಆರ್ಗನ್ ಇರುವ ತಣ್ಣನೆಯ ಚರ್ಚಿಗೆ ಕರೆತರುವ ನನ್ನ ಅಭ್ಯಾಸ ಅಂದಿಗೆ ನಿಂತಿತು.

ಎರಡನೇ ವರ್ಷದಿಂದ ಅಂಥವರಿಗೆ ವಾರಕ್ಕೆ ಅರ್ಧ ಗಂಟೆ ಆರ್ಗನ್ ಪಾಠ, ಅದೂ ಪುಕ್ಕಟೆ. ಖರ್ಚು ಬಂದದ್ದು ಆರ್ಗನ್ನಿನ ಕಾಲುಮಣೆಗಳನ್ನು ನುಡಿಸಲು ಹಾಕಿಕೊಳ್ಳುವ ಪೆಡಲ್ ಶೂಗಳಿಗೆ: ಜೋಡಿಗೆ ಸುಮಾರು 70 ಯೂರೋ, ಹುಡುಗರ ಕಾಲೋ ವರ್ಷಕ್ಕೊಂದು ಅಳತೆ ಬೆಳೆಯುತ್ತದೆ. ಒಂದು ಮದುವೆಗೆ ನುಡಿಸಿದ ಸಂಭಾವನೆ ಒಂದು ಜೋಡಿಗೆ ಸಾಲುತ್ತಿತ್ತು. (ಊರಿನ ಗಾಳಿ ಚೆನ್ನಾಗಿದ್ದರೆ ಶವಸಂಸ್ಕಾರ ಕಡಿಮೆಯಾಗಿ ವರಮಾನ ತಗ್ಗುತ್ತದೆಂಬ ಬಾಖನ ಗೊಣಗಾಟ ನನಗೆ ಆಗ ಅರ್ಥವಾಯಿತು.)

ಮತ್ತೆ ಹಾಡಿಸುವುದನ್ನು ಎಷ್ಟು ತಿಂಗಳ ಬಳಿಕ, ಯಾವ ಸ್ವರದಿಂದ ಆರಂಭಿಸುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಳೆದ ಕ್ರಿಸ್ಮಸ್‌ಗೆ 20ಕ್ಕೂ ಹೆಚ್ಚು ಎಳೆಯರ ಹಿಂದೆ 11 ಟೆನರ್-ಬಾಸ್‌ (ತಗ್ಗು ದನಿ) ಗಾಯಕರು ನಿಂತಿದ್ದರು, ಎಲ್ಲರೂ ನಮ್ಮಲ್ಲೇ ದನಿ ಒಡೆದವರು. ನಕ್ಕಿದ್ದ ಸಹೋದ್ಯೋಗಿ ಮೂರನೇ ಸಾಲಿನಲ್ಲಿ ಕುಳಿತು ಕೇಳಿದರು. ಆರ್ಗನ್ ಹಿಂದಿನ ಕಪಾಟಿನಲ್ಲೀಗ 38ರಿಂದ 44ರವರೆಗಿನ ಅಳತೆಯ ಶೂಗಳಿವೆ, 41ರ ಜೋಡಿ ಮಾತ್ರ ಸದಾ ಯಾರದೋ ಕಾಲಿನಲ್ಲಿರುತ್ತದೆ.